ಪಾಠ ಮಾಡುತ್ತಾ ನೀವು ಕಲಿತ ಪಾಠ ಯಾವುದು? ಶಾಲೆಯ ಹೊರಗೂ ಕೈಹಿಡಿದದ್ದನ್ನು ಹೇಳಿ

ವಿಜ್ಞಾನದ ಮೇಡಂ:

ನಾನು ಪಾಠ ಮಾಡಲು ಶುರು ಮಾಡಿ 19 ವರ್ಷ ಆಯಿತು. ಹೆಚ್ಚಾಗಿ ಆರು, ಏಳನೇ ತರಗತಿಗೆ ವಿಜ್ಞಾನ. ಈ ಕೆಲಸ ನಿಮಗೆ ಏನು ಕಲಿಸಿತು ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ "ತಾಳ್ಮೆ" ಎಂದುಬಿಡುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ತಾಳ್ಮೆ ತುಂಬಾ ದೊಡ್ಡ ಮಾತು. ನಾನು ಕಲಿತದ್ದು ಸಣ್ಣದು. ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ನಿಲ್ಲುವುದು.

ಕೆಲಸಕ್ಕೆ ಸೇರಿ ಐದಾರು ವರ್ಷ ಆಗಿತ್ತು. ಒಂದು ತರಬೇತಿಗಾಗಿ ನಮ್ಮದೇ ಒಂದು ಪೀರಿಯಡ್ ರೆಕಾರ್ಡ್ ಮಾಡಿಕೊಂಡು ಬನ್ನಿ ಎಂದಿದ್ದರು. ಮನೆಯಲ್ಲಿ ಕೂತು ಕೇಳಿದೆ. ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. "ಬೆಳಕು ಇಲ್ಲದಿದ್ರೆ ಗಿಡಕ್ಕೆ ಏನಾಗುತ್ತೆ? ಹೇಳಿ, ಹೇಳಿ. ಆಹಾರ ಮಾಡಿಕೊಳ್ಳೋಕೆ ಆಗಲ್ಲ, ಅಲ್ವಾ?" ಮಕ್ಕಳೆಲ್ಲ ಒಟ್ಟಿಗೆ "ಹೌದು ಮಿಸ್." ಪೂರ್ತಿ 40 ನಿಮಿಷ ಹೀಗೇ ನಡೆದಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಅಳೆದಿದ್ದರು ಎಂದು ಆಮೇಲೆ ಗೊತ್ತಾಯಿತು. ಟೀಚರ್‌ಗಳು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು. ಉತ್ತರವೇ ಬಾರದ ಪ್ರಶ್ನೆಗಳು ಕಡಿಮೆಯಾದವು. ಮಗು ಉತ್ತರ ಹೇಳಿ ಮುಗಿಸಿದ ಮೇಲೂ ಸ್ವಲ್ಪ ಕಾಯಬೇಕು ಎಂದು ಅವರು ಹೇಳಿದ್ದರು. ನನಗೆ ಮೊದಲನೆಯದಕ್ಕಿಂತ ಈ ಎರಡನೇ ಕಾಯುವಿಕೆ ಕಷ್ಟ. ಉತ್ತರ ಬಂದ ಕೂಡಲೇ "ಗುಡ್" ಎಂದು ಮುಂದೆ ಓಡುವುದು ಅಷ್ಟು ರೂಢಿಯಾಗಿತ್ತು.

ಕೈ ಹಿಂದೆ ಕಟ್ಟಿಕೊಂಡು ಬೆರಳಲ್ಲಿ ಎಣಿಸಲು ಶುರು ಮಾಡಿದೆ. ಮೊದಲ ವಾರ ಆ ಮೌನದಲ್ಲಿ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ಎರಡನೇ ವಾರ, ವರ್ಷವಿಡೀ ಬಾಯಿ ಬಿಡದ ಒಬ್ಬ ಹುಡುಗ ಕೇಳಿದ, "ಮಿಸ್, ಹಾಗಾದ್ರೆ ಗಿಡ ರಾತ್ರಿಯೆಲ್ಲ ಏನು ಮಾಡುತ್ತೆ?" ಉಸಿರಾಟದ ಇಡೀ ಪಾಠ ಆ ಒಂದು ಪ್ರಶ್ನೆಯಿಂದ ಹೊರಟಿತು.

ಶಾಲೆಯ ಹೊರಗಿನದು ಹೇಳುತ್ತೇನೆ. ದಿನಾ ರಾತ್ರಿ ಅಮ್ಮನಿಗೆ ಫೋನ್ ಮಾಡುತ್ತೇನೆ. "ಹೇಗಿದ್ದೀಯಮ್ಮ?" "ಚೆನ್ನಾಗಿದ್ದೀನಿ." ನಾನು ತಕ್ಷಣ ಬೇರೆ ಮಾತಿಗೆ ಹೋಗುತ್ತಿದ್ದೆ. ಒಂದು ದಿನ ಹೋಗಲಿಲ್ಲ. ಅವಳು "ಚೆನ್ನಾಗಿದ್ದೀನಿ" ಅಂದಳು, ನಾನು ಸುಮ್ಮನಿದ್ದೆ. ಮೂರು, ನಾಲ್ಕು ಎಣಿಸಿದೆ. ಆಗ ಅಮ್ಮ ಮೆಲ್ಲಗೆ, "ಮೆಟ್ಟಿಲು ಇಳಿಯೋಕೆ ಭಯ ಆಗುತ್ತೆ ಕಣೇ" ಅಂದಳು. ಎಷ್ಟು ತಿಂಗಳಿಂದ ಆ ಭಯ ಇತ್ತೋ!

ನಿಮಗೆ ಹೀಗೆ ಏನು ಸಿಕ್ಕಿತು? "ಮಕ್ಕಳೇ ದೇವರು" ಥರದ ಮಾತು ಬೇಡ. ನಡೆದದ್ದನ್ನು ಹೇಳಿ.

ಲೆಕ್ಕದ ಮೇಷ್ಟ್ರು:

ಒಳ್ಳೆ ಪ್ರಶ್ನೆ ಮೇಡಂ. ನನ್ನದು ತಪ್ಪು ಉತ್ತರಗಳ ಬಗ್ಗೆ.

52ರಲ್ಲಿ 38 ಕಳೆದರೆ 14. ಒಬ್ಬಳು ಹುಡುಗಿ ಯಾವಾಗಲೂ 26 ಬರೆಯುತ್ತಿದ್ದಳು. ಗಮನ ಇಲ್ಲ ಎಂದುಕೊಂಡು ನಾನು ಇನ್ನೂ ಹತ್ತು ಲೆಕ್ಕ ಕೊಟ್ಟೆ. ಹತ್ತೂ ತಪ್ಪು. ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು, "ಹೇಗೆ ಮಾಡಿದೆ, ತೋರಿಸು" ಅಂದೆ. "8ರಲ್ಲಿ 2 ಹೋದ್ರೆ 6, 5ರಲ್ಲಿ 3 ಹೋದ್ರೆ 2" ಅಂದಳು. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಎಂದು ಯಾರೋ ಹೇಳಿಕೊಟ್ಟಿದ್ದರು. ಅವಳು ಆ ಮಾತನ್ನು ಒಂದೊಂದು ಅಂಕಿಗೂ ತಪ್ಪದೆ ಪಾಲಿಸುತ್ತಿದ್ದಳು. ಅವಳ ಗಮನದಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಕೊಟ್ಟ ಹತ್ತು ಲೆಕ್ಕ ಅವಳ ತಪ್ಪನ್ನೇ ಗಟ್ಟಿ ಮಾಡಿತ್ತು.

ಆಮೇಲೆ ಎಲ್ಲ ಕಡೆ ಇದೇ ಕಾಣತೊಡಗಿತು. 0.35 ದೊಡ್ಡದೋ 0.7 ದೊಡ್ಡದೋ ಎಂದರೆ ತುಂಬಾ ಮಕ್ಕಳು 0.35 ಅನ್ನುತ್ತಾರೆ, ಯಾಕೆಂದರೆ 35 ಎನ್ನುವುದು 7ಕ್ಕಿಂತ ದೊಡ್ಡದು. ಎಂಟನೇ ಒಂದು ಭಾಗ ಆರನೇ ಒಂದು ಭಾಗಕ್ಕಿಂತ ದೊಡ್ಡದು ಅನ್ನುತ್ತಾರೆ, ಅದಕ್ಕೂ ಅದೇ ಕಾರಣ. ಮಗು ತಪ್ಪು ಮಾಡಿದಾಗ ಅದರ ಹಿಂದೆ ಒಂದು ಲೆಕ್ಕಾಚಾರ ಇದ್ದೇ ಇರುತ್ತದೆ. ಅದು ಗೊತ್ತಾಗುವ ತನಕ ತಿದ್ದಲು ಹೋಗಬಾರದು.

ನನ್ನ ತಮ್ಮ ಏಳೆಂಟು ತಿಂಗಳು ಫೋನ್ ಮಾಡಲಿಲ್ಲ. ಸೊಕ್ಕು ಎಂದು ತೀರ್ಮಾನಿಸಿದ್ದೆ. ಒಂದು ದಿನ ಆ ಹುಡುಗಿಯ 26 ನೆನಪಾಯಿತು. ನಾನೇ ಫೋನ್ ಮಾಡಿ, ಬೈಯದೆ, "ಯಾಕೋ ಮಾತಾಡ್ತಿಲ್ಲ?" ಎಂದು ಕೇಳಿದೆ. ನನ್ನಿಂದ ತಗೊಂಡ ದುಡ್ಡು ಇನ್ನೂ ಹೊಂದಿಸಲು ಆಗಿರಲಿಲ್ಲವಂತೆ. ಫೋನ್ ಮಾಡಿದರೆ ಅದನ್ನೇ ಕೇಳುತ್ತೇನೆ ಎಂದುಕೊಂಡಿದ್ದನಂತೆ. ಆ ದುಡ್ಡಿನ ವಿಷಯ ನನಗೆ ಮರೆತೇ ಹೋಗಿತ್ತು.

ಹೊಸ ಟೀಚರ್:

ನನಗೆ ಇದು ಎರಡನೇ ವರ್ಷ. ವಿಜ್ಞಾನದ ಮೇಡಂ, ನಾನು ಕಾಯಲು ಹೋದರೆ ತರಗತಿ ಗದ್ದಲ ಆಗುತ್ತದೆ. ಮೂರು ಸೆಕೆಂಡ್ ಕೂಡ ಸಿಗುವುದಿಲ್ಲ. ಅದೇ ನಾಲ್ಕು ಮಕ್ಕಳು "ಮಿಸ್ ಮಿಸ್" ಎಂದು ಕೂಗುತ್ತಾರೆ. ಏನು ಮಾಡಲಿ?

ವಿಜ್ಞಾನದ ಮೇಡಂ:

ಕೂಗುವ ಮಕ್ಕಳ ಮೇಲೆ ಬೇಜಾರು ಬೇಡ, ಅವರಿಗೆ ಉತ್ಸಾಹ. ಮೊದಲೇ ಹೇಳಿಬಿಡಿ, "ಈಗ ಯಾರೂ ಕೈ ಎತ್ತಬಾರದು. ಉತ್ತರ ಪುಸ್ತಕದ ಮೂಲೆಯಲ್ಲಿ ಬರೆಯಿರಿ." ಒಂದು ನಿಮಿಷ ಕೊಡಿ. ಆಮೇಲೆ ಪಕ್ಕದವರಿಗೆ ತೋರಿಸಿ ಮಾತಾಡಲಿ. ಆಮೇಲೆ ಎಲ್ಲರ ಎದುರು. ಫ್ರಾಂಕ್ ಲೈಮನ್ ಎಂಬ ಅಮೆರಿಕದ ಶಿಕ್ಷಣ ತಜ್ಞರು 1981ರಲ್ಲಿ ಈ ಮೂರು ಹೆಜ್ಜೆಗಳನ್ನು ಬರೆದಿಟ್ಟರು. ನಾಚಿಕೆಯ ಮಗುವಿಗೆ ಇದು ತುಂಬಾ ಸಹಾಯ. ಎದ್ದು ನಿಂತಾಗ ಅವಳ ಉತ್ತರವನ್ನು ಆಗಲೇ ಒಬ್ಬರು ಕೇಳಿಸಿಕೊಂಡಿರುತ್ತಾರೆ.

ಇನ್ನೊಂದು, ಹೆಸರು ಕೊನೆಗೆ ಹೇಳಿ. ಮೊದಲೇ ಒಬ್ಬರ ಹೆಸರು ಕರೆದು ಪ್ರಶ್ನೆ ಕೇಳಿದರೆ ಉಳಿದವರು ಯೋಚನೆ ಮಾಡುವುದನ್ನೇ ಬಿಡುತ್ತಾರೆ.

ಭಾಷೆಯ ಟೀಚರ್:

ಲೆಕ್ಕದ ಮೇಷ್ಟ್ರು ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ನನ್ನ ಕಥೆ ಕೆಂಪು ಪೆನ್ನಿನದು.

ನಾನು ಪ್ರಬಂಧ ತಿದ್ದುತ್ತಿದ್ದ ರೀತಿ ನೋಡಿದರೆ ಹಾಳೆ ಪೂರ್ತಿ ಕೆಂಪು. ಒಂದೊಂದು ಕಾಗುಣಿತಕ್ಕೂ ಗೆರೆ, ಅಂಚಿನಲ್ಲಿ ಸಲಹೆ, ಕೆಳಗೆ ಅಂಕ. ಒಂದು ಸೆಟ್ ಪುಸ್ತಕಕ್ಕೆ ಇಡೀ ಭಾನುವಾರ ಹೋಗುತ್ತಿತ್ತು. ಮರುದಿನ ಹಂಚಿದರೆ ಮಕ್ಕಳು ಅಂಕ ನೋಡಿ, ಪಕ್ಕದವನ ಅಂಕ ನೋಡಿ, ಪುಸ್ತಕ ಮುಚ್ಚಿಡುತ್ತಿದ್ದರು. ನನ್ನ ಭಾನುವಾರ ಆ ಮುಚ್ಚಿದ ಪುಸ್ತಕದೊಳಗೆ.

1988ರಲ್ಲಿ ರೂತ್ ಬಟ್ಲರ್ ಎಂಬ ಸಂಶೋಧಕಿ ಇದನ್ನು ಪರೀಕ್ಷಿಸಿ ನೋಡಿದ್ದರು. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡೂ. ಟಿಪ್ಪಣಿ ಮಾತ್ರ ಸಿಕ್ಕವರ ಕೆಲಸ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಎರಡೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ಅಂಕ ಪಕ್ಕದಲ್ಲಿದ್ದರೆ ಟಿಪ್ಪಣಿ ಕಣ್ಣಿಗೇ ಬೀಳುವುದಿಲ್ಲ. ನನ್ನ ಅನುಭವವೂ ಇದೇ.

ಈಗ ಒಂದು ಪ್ರಬಂಧಕ್ಕೆ ಒಂದೇ ವಿಷಯ ಹಿಡಿಯುತ್ತೇನೆ. ಈ ಸಲ ಬರೀ ಶುರುವಿನ ಸಾಲು. ಮುಂದಿನ ಸಲ ಪ್ಯಾರಾ ಬಿಡುವುದು. ಪೆನ್ಸಿಲಲ್ಲಿ ಒಂದು ಸಾಲು ಬರೆದು ಕೊಡುತ್ತೇನೆ, ಅವರು ತಿದ್ದಿ ತರುತ್ತಾರೆ, ಅಂಕ ಆಮೇಲೆ. ಉಳಿದ ತಪ್ಪು ಕಣ್ಣಿಗೆ ಚುಚ್ಚುತ್ತಿರುತ್ತದೆ, ನಿಜ. ಆದರೂ ಬಿಟ್ಟುಬಿಡುತ್ತೇನೆ.

ಹೋದ ವರ್ಷ ಮಗಳು ಕೆಲಸಕ್ಕೆ ಬರೆದ ಅರ್ಜಿ ತಂದು ತೋರಿಸಿದಳು. ನನ್ನ ಕೈ ಆಗಲೇ ಪೆನ್ನಿಗೆ ಹೋಗಿತ್ತು. ತಡೆದುಕೊಂಡೆ. "ಯಾವ ಭಾಗ ನೋಡಲಿ, ನೀನೇ ಹೇಳು" ಅಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, "ಕೊನೆಯ ಪ್ಯಾರಾ ಸ್ವಲ್ಪ ನೋಡಮ್ಮ" ಅಂದಳು. ಅದೊಂದನ್ನೇ ನೋಡಿದೆ. ಶಾಲೆಗೆ ಹೋಗುತ್ತಿದ್ದಾಗ ಅವಳು ಬರೆದದ್ದನ್ನು ನನಗೆ ತೋರಿಸುವುದನ್ನೇ ನಿಲ್ಲಿಸಿದ್ದಳು. ಯಾಕೆಂದು ಅವತ್ತು ಅರ್ಥವಾಯಿತು.

ಕೆಲಸ ಬಿಟ್ಟ ಟೀಚರ್:

ನಿಮ್ಮೆಲ್ಲರ ಮಾತೂ ಇಷ್ಟವಾಯಿತು. ಆದರೆ ನಾನು ಕಲಿತದ್ದು ಬೇರೆ, ಅದನ್ನೂ ಇಲ್ಲಿ ಹೇಳಬೇಕು ಅನಿಸಿತು. ನಾನು ಕಲಿತದ್ದು "ಆಗಲ್ಲ" ಎನ್ನುವುದು. ತಡವಾಗಿ ಕಲಿತೆ.

11 ವರ್ಷ ಪಾಠ ಮಾಡಿದೆ. ಶಾಲೆಯ ಹೆಸರು ಬೇಡ. ಯಾರಾದರೂ ರಜೆ ಹಾಕಿದರೆ ಅವರ ತರಗತಿಯೂ ನನಗೆ. ದಿನಕ್ಕೆ ಏಳು ಪೀರಿಯಡ್ ಕೂಗಿದ್ದೇನೆ. ದನಿ ಒಡೆಯಲು ಶುರುವಾದಾಗ ಶೀತ ಎಂದುಕೊಂಡೆ. ಧ್ವನಿತಂತುಗಳ ಮೇಲೆ ಸಣ್ಣ ಗಂಟು ಬೆಳೆದಿದೆ ಎಂದು ಡಾಕ್ಟರ್ ಹೇಳಿದರು. ದನಿಗೆ ಪೂರ್ತಿ ವಿಶ್ರಾಂತಿ ಬೇಕು, ಪಿಸುಮಾತೂ ಬೇಡ, ಪಿಸುಗುಟ್ಟಿದರೂ ಅದಕ್ಕೆ ಶ್ರಮವೇ ಎಂದರು. ನಾನು ಪಿಸುಮಾತಲ್ಲೇ ಒಂದು ತಿಂಗಳು ಪಾಠ ಮಾಡಿಬಿಟ್ಟಿದ್ದೆ. ರಜೆ ಕೇಳಿದರೆ "ಪರೀಕ್ಷೆ ಹತ್ತಿರ ಇದೆ, ಮಕ್ಕಳ ಮುಖ ನೋಡಿ" ಅಂದರು. ಮಕ್ಕಳ ಮುಖ ಅಂದರೆ ನಾವು ಕರಗುತ್ತೇವೆ ಎಂದು ಎಲ್ಲರಿಗೂ ಗೊತ್ತು.

ಪಾಠ ಮಾಡುವವರಲ್ಲಿ ದನಿಯ ತೊಂದರೆ ಬೇರೆ ಕೆಲಸದವರಿಗಿಂತ ಜಾಸ್ತಿ. ಇದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಆದರೂ ಕೆಲಸಕ್ಕೆ ಸೇರುವಾಗ ದನಿ ಹೇಗೆ ಕಾಪಾಡಿಕೊಳ್ಳಬೇಕು ಎಂದು ನನಗೆ ಒಬ್ಬರೂ ಹೇಳಿಕೊಡಲಿಲ್ಲ.

ಕಾಯುವುದು, ಕೇಳಿಸಿಕೊಳ್ಳುವುದು ಎಲ್ಲ ಒಳ್ಳೆಯದೇ. ಅದು "ಟೀಚರ್ ಆದವರು ಎಲ್ಲ ಸಹಿಸಿಕೊಳ್ಳಬೇಕು" ಎಂಬ ಮಾತಿಗೆ ಸೇರಿಹೋಗಬಾರದು. ಅಷ್ಟೇ ನನ್ನ ಕಳಕಳಿ. ಈಗ ಬೇರೆ ಕೆಲಸದಲ್ಲಿದ್ದೇನೆ. ಹೆಚ್ಚಿನ ಕೆಲಸ ಬಂದಾಗ "ಇವತ್ತು ಆಗಲ್ಲ, ಗುರುವಾರ ಮಾಡುತ್ತೇನೆ" ಎಂದು ಹೇಳುತ್ತೇನೆ. ಜನ ಒಪ್ಪಿಕೊಳ್ಳುತ್ತಾರೆ.

ನಿವೃತ್ತ ಮೇಡಂ:

ಮಗೂ, ನಿನ್ನ ಮಾತು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನಾನು 36 ವರ್ಷ ಪಾಠ ಮಾಡಿದವಳು. ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಹೊಸಬರೇ, ಕೇಳಿಸಿಕೊಳ್ಳಿ. ಗದ್ದಲದ ಮೇಲೆ ಗದ್ದಲ ಮಾಡಬೇಡಿ. ಕೂಗುವ ಬದಲು ಮಕ್ಕಳ ಹತ್ತಿರ ಹೋಗಿ ನಿಲ್ಲಿ. ಬೋರ್ಡ್ ಕಡೆ ತಿರುಗಿಕೊಂಡು ಮಾತಾಡಬೇಡಿ, ಆಗ ದನಿ ಎರಡು ಪಟ್ಟು ಏರಿಸಬೇಕಾಗುತ್ತದೆ. ನೀರು ಪಕ್ಕದಲ್ಲಿರಲಿ. ಸಣ್ಣ ಮೈಕ್ ಸಿಕ್ಕರೆ ಸಂಕೋಚವಿಲ್ಲದೆ ಹಾಕಿಕೊಳ್ಳಿ. ದನಿ ಎರಡು ಮೂರು ವಾರವಾದರೂ ಸರಿಯಾಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಇನ್ನು ನನ್ನದು. ಇದನ್ನು ನಾನು ಹೆಚ್ಚು ಜನರಿಗೆ ಹೇಳಿಲ್ಲ.

ಆರನೇ ತರಗತಿಯ ಒಬ್ಬ ಹುಡುಗ ಮನೆಯಿಂದ ಪ್ರಬಂಧ ಬರೆದುಕೊಂಡು ಬಂದಿದ್ದ. ತುಂಬಾ ಚೆನ್ನಾಗಿತ್ತು. ಅಲ್ಲಿಯವರೆಗೆ ಅವನು ಹಾಗೆ ಬರೆದದ್ದು ನಾನು ನೋಡಿರಲಿಲ್ಲ. ಎಲ್ಲರ ಎದುರು ಅವನನ್ನು ನಿಲ್ಲಿಸಿ, "ಇದನ್ನ ಯಾರು ಬರೆದುಕೊಟ್ಟರು?" ಎಂದು ಕೇಳಿದೆ. "ನಾನೇ ಮಿಸ್" ಅಂದ. "ಸುಳ್ಳು ಬೇರೆ ಹೇಳ್ತೀಯಾ" ಅಂದೆ. ಮಕ್ಕಳು ನಕ್ಕರು. ಅವನು ತಲೆ ತಗ್ಗಿಸಿ ಕೂತುಕೊಂಡ.

ಹತ್ತು ದಿನದ ಮೇಲೆ ತರಗತಿಯಲ್ಲೇ ಕೂತು ಬರೆಯುವ ಪರೀಕ್ಷೆ. ಅವನು ಅಷ್ಟೇ ಚೆನ್ನಾಗಿ ಬರೆದಿದ್ದ. ಅದು ನನ್ನ ಕಣ್ಣೆದುರೇ ಬರೆದದ್ದು. ಓದುತ್ತಾ ನನ್ನ ಕೈ ತಣ್ಣಗಾಯಿತು.

ಮರುದಿನ ಅವನನ್ನು ಸ್ಟಾಫ್ ರೂಮಿಗೆ ಕರೆಸಿದೆ. ಯಾರೂ ಇರಲಿಲ್ಲ. "ತಪ್ಪು ನಂದು ಕಣಪ್ಪ, ಕ್ಷಮಿಸು" ಅಂದೆ. "ಪರವಾಗಿಲ್ಲ ಮಿಸ್" ಅಂದ. ಆದರೆ ಹೋಗಲಿಲ್ಲ, ಅಲ್ಲೇ ನಿಂತಿದ್ದ. ಏನಪ್ಪ ಎಂದು ಕೇಳಿದೆ. ನೆಲ ನೋಡುತ್ತಾ ಹೇಳಿದ, "ಅವರಿಗೆಲ್ಲ ಇನ್ನೂ ಹಾಗೇ ಗೊತ್ತಿರೋದು ಅಲ್ವಾ ಮಿಸ್."

ಅವನಿಗೆ 11 ವರ್ಷ. ನನಗೆ 40 ದಾಟಿತ್ತು. ಆ ಮಾತು ನನಗೆ ಹೊಳೆದಿರಲೇ ಇಲ್ಲ. ಎಲ್ಲರ ಎದುರು ಗಾಯ ಮಾಡಿ, ಬಾಗಿಲು ಹಾಕಿಕೊಂಡು ಮುಲಾಮು ಹಚ್ಚಲು ಹೋಗಿದ್ದೆ. ಅವತ್ತೇ ಅವರ ತರಗತಿಗೆ ಹೋದೆ. ಅದು ನನ್ನ ಪೀರಿಯಡ್ ಕೂಡ ಅಲ್ಲ. ಎಲ್ಲ ಮಕ್ಕಳ ಎದುರು ಏನಾಯಿತು ಎಂದು ಹೇಳಿದೆ. ಅವನು ಸುಳ್ಳು ಹೇಳಿರಲಿಲ್ಲ, ನಾನು ವಿಚಾರಿಸದೆ ಆಡಿಬಿಟ್ಟೆ ಎಂದೆ. ಕಾಲು ನಡುಗುತ್ತಿತ್ತು.

ತುಂಬಾ ವರ್ಷ ಆದಮೇಲೆ ಸೊಸೆಗೆ ನೆಂಟರ ಎದುರು ಒಂದು ಕಟು ಮಾತು ಆಡಿದೆ. ಆಡಬಾರದಿತ್ತು. ಆಮೇಲೆ ಅವಳೊಬ್ಬಳೇ ಸಿಕ್ಕಾಗ ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡಲು ಹೊರಟೂ ಇದ್ದೆ. ಆ ಹುಡುಗ ನೆನಪಾದ. ಅದೇ ನೆಂಟರು ಮುಂದಿನ ಸಲ ಬಂದಾಗ, ಅವರ ಎದುರೇ, "ಅವತ್ತು ನಾನು ಇವಳಿಗೆ ಅಂದದ್ದು ತಪ್ಪು" ಎಂದು ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ನನ್ನ ಪಕ್ಕದಲ್ಲಿ ಬಂದು ಕೂತುಕೊಂಡಳು.

ಲೆಕ್ಕದ ಮೇಷ್ಟ್ರು:

ಮೇಡಂ, ನಮಸ್ಕಾರ. ಒಂದು ಕೇಳಬೇಕು ಅನಿಸಿತು. ಹಾಗೆ ಎಲ್ಲರ ಎದುರು ತಪ್ಪು ಒಪ್ಪಿಕೊಂಡ ಮೇಲೆ ತರಗತಿ ಕೈ ತಪ್ಪಲಿಲ್ಲವೇ? ನಾನು ಬೋರ್ಡ್ ಮೇಲೆ ಲೆಕ್ಕ ತಪ್ಪಿದರೆ ಒಪ್ಪಿಕೊಳ್ಳುತ್ತೇನೆ, ಅದು ಸುಲಭ. ಆದರೆ ಇಂಥದ್ದು ನನ್ನಿಂದ ಆಗುತ್ತಿತ್ತೋ ಇಲ್ಲವೋ.

ನಿವೃತ್ತ ಮೇಡಂ:

ನನಗೂ ಅದೇ ಭಯ ಇತ್ತು ಮೇಷ್ಟ್ರೇ. ಹಾಗೇನೂ ಆಗಲಿಲ್ಲ. ಮುಂದಿನ ವಾರ ಇಬ್ಬರು ಮಕ್ಕಳು ತಾವಾಗಿಯೇ ಬಂದು, "ಮಿಸ್, ನಾವು ನೋಡಿ ಬರೆದಿದ್ವಿ" ಅಂದರು. ನಾನು ಕೇಳಿಯೇ ಇರಲಿಲ್ಲ.

ಸಮಾಜದ ಮೇಷ್ಟ್ರು:

ಮೇಡಂ ಆ ಹುಡುಗನನ್ನು ಅನುಮಾನಿಸಿದ್ದು ಯಾಕೆ? ಅವನು ಇಷ್ಟೇ ಎಂದು ಮನಸ್ಸಲ್ಲಿ ಮೊದಲೇ ಕೂತಿತ್ತು. ನಮ್ಮೆಲ್ಲರಿಗೂ ಹಾಗೆ ಕೂತಿರುತ್ತದೆ. ಹೊಸ ವರ್ಷ ಶುರುವಾಗುವ ಮೊದಲೇ ಸ್ಟಾಫ್ ರೂಮಲ್ಲಿ ಪಟ್ಟಿ ಸಿಗುತ್ತದೆ, ಇವನು ತರಲೆ, ಇವಳು ದಡ್ಡಿ, ಆ ಮನೆಯ ಮಕ್ಕಳೇ ಹಾಗೆ ಎಂದು.

ರೊಸೆಂಥಾಲ್ ಮತ್ತು ಜೇಕಬ್ಸನ್ ಎಂಬಿಬ್ಬರು 1968ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಒಂದು ಶಾಲೆಯಲ್ಲಿ ಐದರಲ್ಲಿ ಒಂದು ಪಾಲು ಮಕ್ಕಳನ್ನು ಕಣ್ಣು ಮುಚ್ಚಿ ಆರಿಸಿದ ಹಾಗೆ ಆರಿಸಿ, "ಈ ಮಕ್ಕಳು ಈ ವರ್ಷ ತುಂಬಾ ಮುಂದೆ ಬರುತ್ತಾರೆ" ಎಂದು ಟೀಚರ್‌ಗಳಿಗೆ ಹೇಳಿದರು. ವರ್ಷದ ಕೊನೆಗೆ ಕೆಳಗಿನ ತರಗತಿಗಳಲ್ಲಿ ಆ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಉಳಿದವರಿಗಿಂತ ಮುಂದೆ ಹೋಗಿದ್ದರು. ಇದರ ಪರಿಣಾಮ ಅಷ್ಟು ದೊಡ್ಡದಲ್ಲ ಎಂದು ಆಮೇಲೆ ಹಲವರು ವಾದ ಮಾಡಿದ್ದಾರೆ, ಅದನ್ನೂ ಹೇಳಬೇಕು. ಆದರೆ ನಾನಂತೂ ಮೊದಲ ಎರಡು ವಾರ ಆ ಪಟ್ಟಿ ಕೇಳುವುದಿಲ್ಲ. ಆರೋಗ್ಯದ ವಿಷಯ ಇದ್ದರೆ ಮಾತ್ರ ಹೇಳಿ ಎನ್ನುತ್ತೇನೆ. ಮನೆ ಬದಲಾಯಿಸಿದಾಗ "ಮೇಲಿನ ಮನೆಯವರು ಜಗಳಗಂಟರು" ಎಂದು ಒಬ್ಬರು ಹೇಳಲು ಬಂದರು. ಅವರಿಗೂ ಎರಡು ವಾರ ಬಿಟ್ಟು ಹೇಳಿ ಅಂದೆ.

ಕಂಪ್ಯೂಟರ್ ಟೀಚರ್:

ನನ್ನದು ಚಿಕ್ಕದು. ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ 1990ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಕೆಲವರು ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಲ್ಲಿ ತಟ್ಟಬೇಕು, ಎದುರಿಗೆ ಕೂತವರು ಹಾಡು ಯಾವುದೆಂದು ಹೇಳಬೇಕು. ತಟ್ಟುವವರು ಅರ್ಧದಷ್ಟಾದರೂ ಗುರುತಿಸುತ್ತಾರೆ ಎಂದುಕೊಂಡಿದ್ದರು. 120 ಹಾಡಿನಲ್ಲಿ ಗುರುತು ಸಿಕ್ಕದ್ದು 3. ತಟ್ಟುವವರ ತಲೆಯಲ್ಲಿ ಇಡೀ ಹಾಡು ಓಡುತ್ತಿರುತ್ತದೆ, ಕೇಳುವವರಿಗೆ ಬರೀ ಟಕ್ ಟಕ್.

ಅಪ್ಪನಿಗೆ ಮೊಬೈಲ್ ಹೇಳಿಕೊಡುವಾಗ ಎಷ್ಟೋ ಸಲ ಸಿಡುಕಿದ್ದೇನೆ. "ಮೂರು ಸಲ ಹೇಳಿದ್ನಲ್ಲ!" ಅವರಿಗೆ ಕೇಳಿಸುತ್ತಿದ್ದದ್ದು ಟಕ್ ಟಕ್. ಈಗ ಫೋನ್ ನನ್ನ ಕೈಗೆ ತಗೊಳ್ಳುವುದೇ ಇಲ್ಲ. ಅವರ ಕೈಯಲ್ಲೇ ಇರುತ್ತದೆ, ಅವರೇ ಒತ್ತುತ್ತಾರೆ, ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಒಬ್ಬ ತಾಯಿ:

ನಾನು ಟೀಚರ್ ಅಲ್ಲ, ಸುಮ್ನೆ ಓದುತ್ತಿದ್ದೆ. ನಿವೃತ್ತ ಮೇಡಂ ಅವರ ಮಾತು ಓದಿದ ಮೇಲೆ ಎದ್ದು ಹೋಗಿ ಮಗನ ಹತ್ತಿರ ಕೂತೆ. ನಿನ್ನೆ ಅವನ ಗೆಳೆಯರ ಎದುರು ಬೈದಿದ್ದೆ. ಇವತ್ತು ಸಂಜೆ ಅವರು ಆಡಲು ಬರುತ್ತಾರೆ.

ಕೆಲಸ ಬಿಟ್ಟ ಟೀಚರ್:

ನಿವೃತ್ತ ಮೇಡಂ, "ಮಗೂ" ಅಂದಿರಿ. ತುಂಬಾ ದಿನ ಆಗಿತ್ತು ಯಾರಾದರೂ ಹಾಗೆ ಕರೆದು. ದನಿ ಈಗ ಪರವಾಗಿಲ್ಲ. ಭಾನುವಾರ ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ಓದು ಹೇಳಿಕೊಡುತ್ತೇನೆ. ಇಬ್ಬರೇ. ಅಷ್ಟು ಸಾಕು.

ಹೊಸ ಟೀಚರ್:

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಇವತ್ತು ಏಳನೇ ತರಗತಿಯಲ್ಲಿ ಪ್ರಶ್ನೆ ಕೇಳಿ, ಯಾರೂ ಕೈ ಎತ್ತಬೇಡಿ ಅಂದು, ಬೆರಳಲ್ಲಿ ಎಣಿಸುತ್ತಾ ನಿಂತೆ. ಮೂರು ಆಯಿತು. ಐದು ಆಯಿತು. ಯಾರೂ ಬರೆಯುತ್ತಿಲ್ಲ. ನಾನೇ ಉತ್ತರ ಹೇಳಿಬಿಡೋಣ ಅನಿಸಿತು. ಅಷ್ಟರಲ್ಲಿ ಮೂರನೇ ಸಾಲಿನ ಹುಡುಗಿ, ನನ್ನ ಹತ್ತಿರ ಇಲ್ಲಿಯವರೆಗೆ ಒಂದು ಮಾತೂ ಆಡದವಳು, "ಮಿಸ್, ಪ್ರಶ್ನೆ ಅರ್ಥ ಆಗ್ಲಿಲ್ಲ" ಅಂದಳು. ಎಷ್ಟು ಜನಕ್ಕೆ ಅರ್ಥ ಆಗಿಲ್ಲ ಎಂದು ಕೇಳಿದೆ. ಅರ್ಧ ತರಗತಿ ಕೈ ಎತ್ತಿತು.

ವಿಜ್ಞಾನದ ಮೇಡಂ:

ಆಮೇಲೆ ಏನು ಮಾಡಿದಿರಿ?

ಹೊಸ ಟೀಚರ್:

ಬೇರೆ ಥರ ಕೇಳಿದೆ, ಬೋರ್ಡ್ ಮೇಲೆ ಚಿತ್ರ ಬರೆದು. ಆಗ ಬರೆದರು. ಅವಳ ಉತ್ತರ ತಪ್ಪಿತ್ತು. ಲೆಕ್ಕದ ಮೇಷ್ಟ್ರು ಹೇಳಿದ ಹಾಗೆ, "ಹೇಗೆ ಹಾಗನ್ನಿಸ್ತು, ಹೇಳು" ಅಂದೆ. ಅವಳು ಎದ್ದು ನಿಂತು ಹೇಳಲು ಶುರು ಮಾಡಿದಳು, ಅಷ್ಟರಲ್ಲಿ ಬೆಲ್ ಆಯಿತು. ನಾಳೆ ಎರಡನೇ ಪೀರಿಯಡ್ ಅವರದ್ದೇ. ಅವಳು ನಿಲ್ಲಿಸಿದ ಕಡೆಯಿಂದಲೇ ಶುರು ಮಾಡುತ್ತೇನೆ.